ಒಂದು ಸ್ವರ ಕೆಳಗೆ

ಗುನ್ವೊರಳ ಕೈ ಸುಮ್ಮನಿರುತ್ತಿರಲಿಲ್ಲ. ಕಾಫಿ ಕುಡಿಯುವಾಗಲೂ ಅವಳು ತನ್ನ ಪಿಟೀಲಿನ ಯಾವುದಾದರೊಂದು ಬಿರಡೆ ತಿರುಗಿಸುತ್ತ ಕೂತಿರುತ್ತಿದ್ದಳು. ಅದಕ್ಕೆ ಮೇಲೆ ನಾಲ್ಕು ತಂತಿ, ಅವುಗಳ ಅಡಿಯಲ್ಲಿ ಮತ್ತೆ ನಾಲ್ಕು. ಅಡಿಯಲ್ಲಿ ಇನ್ನೊಂದು ಇಟ್ಟುಕೊಂಡವರನ್ನು ನಂಬುವುದು ಹೇಗೆ ಎಂದು ನಾನು ಮೊದಲ ದಿನವೇ ಯೋಚಿಸಿದ್ದೆ.

ಉತ್ಸವಕ್ಕೆ ಬೇರೆ ಬೇರೆ ದೇಶಗಳಿಂದ ಬರುವ ಪಿಟೀಲಿನವರನ್ನು, ಕುಣಿತದವರನ್ನು ನಮ್ಮೂರಿನ ಸಮಿತಿಯವರು ಮನೆಮನೆಗೆ ಹಂಚುತ್ತಾರೆ. ಈ ಸಲ ನಮ್ಮ ಪಾಲಿಗೆ ಬಂದವಳು ನಾರ್ವೆಯ ಈಕೆ. ನಲವತ್ತರ ಹತ್ತಿರದವಳು, ಅರೆಬರೆ ಸ್ಪ್ಯಾನಿಷ್, ಬಿಳಿ ರೆಪ್ಪೆ. ಅಪ್ಪನ ಜೊತೆ ಅಂಗಳದಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದಳು. ನಾನು ಹತ್ತಿರ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಬೇರೆ ವರ್ಷವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಅಪ್ಪ, ಊರವರು ಗೌರವದಿಂದ ಕರೆಯುವ ಡಾನ್ ಹೆರ್ಮಿಲೊ, ಹತ್ತೊಂಬತ್ತು ವರ್ಷಗಳಿಂದ ಸಮಾರೋಪದ ಸಂಜೆ ಪಿಟೀಲು ಹಿಡಿದು ಹಾಡುವವರು. ಹೋದ ವರ್ಷ ಕೀಚುದನಿಗೆ ಏರುವ ಜಾಗದಲ್ಲಿ ಅವರ ಗಂಟಲು ಒಡೆಯಿತು. ನೆಗಡಿ ಎಂದರು. ಸಮಿತಿಯ ಅಧ್ಯಕ್ಷೆ ಮನೆಗೇ ಬಂದು, "ಈ ಸಲವೂ ಹಂಗಾದ್ರೆ ಮುಂದಿನ ವರ್ಷದಿಂದ ಹುಡುಗರಿಗೆ ಬಿಟ್ಟುಕೊಡೋಣ, ಡಾನ್ ಹೆರ್ಮಿಲೊ," ಎಂದು ನಗುತ್ತಲೇ ಹೇಳಿ ಹೋಗಿದ್ದರು. ಆ ಹುಡುಗರ ತಂಡದ ಜೊತೆ ಗುನ್ವೊರ್ ಶುಕ್ರವಾರ ನಗುನಗುತ್ತ ಫೋಟೊ ತೆಗೆಸಿಕೊಂಡಿದ್ದನ್ನು ನಾನು ನೋಡಿದ್ದೆ.

ಸಮಾರೋಪದ ಬೆಳಿಗ್ಗೆ ಅಡುಗೆಮನೆಯಿಂದ ಹೊರಬಂದಾಗ ಅಪ್ಪನ ಪಿಟೀಲು ಅವಳ ತೊಡೆಯ ಮೇಲಿತ್ತು. ಬಿರಡೆ ತಿರುಗಿಸುತ್ತಿದ್ದಳು. ಅಪ್ಪ ಅಲ್ಲಿರಲಿಲ್ಲ. ನನ್ನನ್ನು ಕಂಡವಳೇ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, "ನಿಮ್ಮಪ್ಪ..." ಎಂದು ಶುರುಮಾಡಿ, ಅಲ್ಲೇ ನಿಲ್ಲಿಸಿದಳು.

"ಏನು ನಮ್ಮಪ್ಪ?" ಎಂದು ಕೇಳಬೇಕಿತ್ತು. ನನಗೆ ಬಾಯಿ ಬರಲಿಲ್ಲ. ಯಾವತ್ತೂ ಬರುವುದಿಲ್ಲ.

ಫಿಡೆನ್ಸಿಯೊ ಮಾಮ ತಿಂಡಿಗೆ ಬಂದ; ಮಾಡಿದ್ದು ಬೊಕೊಲ್, ಮೆಕ್ಕೆಜೋಳದ ದಪ್ಪ ರೊಟ್ಟಿ. ಅಪ್ಪನ ತಂಡದಲ್ಲಿ ದೊಡ್ಡ ಗಿಟಾರ್ ಅವನದು, ಸಣ್ಣದು ಕ್ಲೆಟೊನದು.

"ಏನೇ ಲಿಯಾ, ಮುಖ ಯಾಕೆ ಸುಟ್ಟ ಬೊಕೊಲ್ ಥರ ಮಾಡ್ಕೊಂಡಿದೀಯ?"

"ಮಾಮ, ಆ ಹೆಂಗಸು ಅಪ್ಪನ ಪಿಟೀಲು ಮುಟ್ತಿದ್ಳು."

"ಮುಟ್ಲಿ ಬಿಡು. ನಿಮ್ಮಪ್ಪನ್ನ ಮುಟ್ಲಿಲ್ವಲ್ಲ," ಎಂದು ಅವನು ಮೂರನೆಯ ಬೊಕೊಲ್‌ಗೆ ಕೈ ಹಾಕಿದ. "ಡಿಗ್ರಿ ಓದಿದ್ದೇ ಓದಿದ್ದು, ಪೊಲೀಸ್ ಆಗ್ಬಿಟ್ಟೆ ನೀನು."

ಮಧ್ಯಾಹ್ನ ಅಪ್ಪ ಕ್ಷೌರಕ್ಕೆ ಹೋದಾಗ ಪೆಟ್ಟಿಗೆ ತೆರೆದು ತಂತಿ ಮೀಟಿದೆ. ಹುಟ್ಟಿದಾಗಿನಿಂದ ಕೇಳಿದ ತಂತಿ, ಸದ್ದು ನಮ್ಮ ಮನೆಯದಾಗಿರಲಿಲ್ಲ. ಫೋನಿನಲ್ಲಿದ್ದ ಶ್ರುತಿ ಆ್ಯಪ್ ಹಿಡಿದು ನೋಡಿದೆ. ನಾಲ್ಕೂ ತಂತಿ ಪೂರ್ತಿ ಒಂದು ಸ್ವರ ಕೆಳಗಿದ್ದವು. ಒಂದಿದ್ದರೆ ತಾನೇ ಸಡಿಲವಾಯಿತು ಎನ್ನಬಹುದಿತ್ತು. ನಾಲ್ಕೂ ಅಷ್ಟಷ್ಟೇ ಇಳಿಯಬೇಕಾದರೆ ಯಾರೋ ಇಳಿಸಿರಬೇಕು. ನಾನು ಒಂದೊಂದಾಗಿ ಏರಿಸಿದೆ, ಪೆಟ್ಟಿಗೆಗೆ ಬೀಗ ಹಾಕಿದೆ, ಕೀಲಿಯನ್ನು ರವಿಕೆಯೊಳಗೆ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದರೆ ಅವರ ಮನಸ್ಸು ಕದಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಐದು ಗಂಟೆಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪನ ಹೆಸರು ಕೂಗಿದ ಮೇಲೆಯೇ ಪೆಟ್ಟಿಗೆಯ ಬೀಗ ತೆಗೆದುಕೊಟ್ಟೆ. ಅವರು ಕಮಾನನ್ನು ಒಮ್ಮೆ ಎಳೆದರು. ಅವರ ಕೈ ನಿಂತಿತು. ಅಷ್ಟರಲ್ಲಿ ಫಿಡೆನ್ಸಿಯೊ ಮಾಮನೂ ಕ್ಲೆಟೊನೂ ಕಿವಿ ಬಗ್ಗಿಸಿ ತಮ್ಮ ತಂತಿಗಳನ್ನು ಅದಕ್ಕೆ ಹೊಂದಿಸತೊಡಗಿದ್ದರು. ನಮ್ಮಲ್ಲಿ ಗಿಟಾರಿನವರು ಶ್ರುತಿ ಪಡೆಯುವುದು ಪಿಟೀಲಿನಿಂದ. ಅದು ಕೊಟ್ಟಿದ್ದನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಅಪ್ಪ ಮುಂದಿನ ಸಾಲಿನಲ್ಲಿದ್ದ ಗುನ್ವೊರಳತ್ತ ನೋಡಿದರು. ಅವಳು ತಲೆಯಾಡಿಸಿದಳು, ನಾನಲ್ಲ ಎನ್ನುವಂತೆ. ಸಿಕ್ಕಿಬಿದ್ದಳು ಎಂದುಕೊಂಡೆ.

ಪಿಟೀಲು ಹೊರಟಿತು. ಮರದ ಜಗಲಿಯ ಮೇಲೆ ಕುಣಿಯುವ ಇಪ್ಪತ್ತು ಜೋಡಿಗಳ ಹಿಮ್ಮಡಿಗಳು ಗುಡುಗಿದವು. ಆಮೇಲೆ ಸ್ವರ ಇಳಿಯಿತು, ಹಾಡು ಬರುತ್ತದೆ ಎಂಬ ಸೂಚನೆ. ಎಲ್ಲ ಕಾಲುಗಳೂ ಒಮ್ಮೆಲೇ ಸದ್ದಡಗಿಸಿ ಜಾರತೊಡಗಿದವು. ಪದ್ಯದ ಮೇಲೆ ಹಿಮ್ಮಡಿ ಹಾಕುವುದು ನಮ್ಮಲ್ಲಿ ಎಂಜಲು ಕೈಯನ್ನು ಇನ್ನೊಬ್ಬರ ತಟ್ಟೆಗೆ ಹಾಕಿದ ಹಾಗೆ. ಆ ನಿಶ್ಶಬ್ದದಲ್ಲಿ ಅಪ್ಪ ಮೇಲಕ್ಕೆ ಏರಿದರು, ಅವರ ದನಿ ಒಣ ಜೋಳದ ದಂಟಿನ ಹಾಗೆ ಸೀಳಿತು. ಇಡೀ ಚೌಕ ಕೇಳಿಸಿಕೊಂಡಿತು. ಅಧ್ಯಕ್ಷೆ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.

ಯಾರೋ ನನ್ನ ತೋಳು ಹಿಡಿದರು. ಗುನ್ವೊರ್.

"ತಂತಿ ಯಾರು ಏರಿಸಿದ್ದು?"

"ನೀವ್ಯಾಕೆ ಇಳಿಸಿದ್ರಿ?" ಕೊನೆಗೂ ಬಾಯಿ ಬಂತು.

"ಅವರೇ ಕೇಳಿದ್ರು. ಗಂಟಲು ಅಷ್ಟು ಎತ್ತರ ಹೋಗಲ್ಲ. ಅವರ ಕೈ ನಡುಗುತ್ತೆ, ಬಿರಡೆ ಹಿಡಿಯಲ್ಲ. ಯಾರಿಗೂ ಹೇಳ್ಬೇಡ ಅಂದ್ರು. ನಿನಗೆ ಮುಖ್ಯವಾಗಿ."

ಪಿಟೀಲು ಆಗಲೇ ಎರಡನೆಯ ಪದ್ಯದ ಕಡೆ ಇಳಿಯುತ್ತಿತ್ತು.

ಅಲ್ಲಿಯವರೆಗೆ ನಾನು ಆ ಜಗಲಿ ಹತ್ತಿದವಳಲ್ಲ. ಮದುವೆಗಳಲ್ಲೂ ಗೋಡೆಗೆ ಒರಗಿ ನಿಲ್ಲುವವಳು. ಹತ್ತಿದೆ. ಕಾಲುಗಳೆಲ್ಲ ಮೆತ್ತಗಾದವು, ಅಪ್ಪ ಬಾಯಿ ತೆರೆದರು. ನಾನು ಹಿಮ್ಮಡಿ ಎತ್ತಿ ಕುಕ್ಕಿದೆ. ಅವರು ಏರಿದಷ್ಟೂ ಜೋರಾಗಿ ಕುಕ್ಕಿದೆ. ದನಿ ಎಲ್ಲಿ ಒಡೆಯಿತೋ ನನಗೇ ಕೇಳಲಿಲ್ಲ.

"ಯಾರದು? ಪದ್ಯ ತುಳೀತಿದಾಳಲ್ಲ!"

"ಹೆರ್ಮಿಲೊ ಮಗಳು. ಪಟ್ಟಣದಲ್ಲಿ ಓದಿ ಬಂದೋಳು."

"ಅದನ್ನೇ ಕಲಿತು ಬಂದ್ಲೇನೊ."

"ಕುಡಿದಿದಾಳೆ ಕಣೊ, ಮುಖ ನೋಡು."

ಯಾರೋ ಹೆಂಗಸು ನನ್ನ ಲಂಗ ಹಿಡಿದು ಎಳೆದಳು. ನಾನು ನಿಲ್ಲಿಸಲಿಲ್ಲ. ಅಪ್ಪ ನನ್ನನ್ನು ನೋಡಿದರು. ಪದ್ಯದ ನಡುವೆಯೇ ಹಾಡು ನಿಲ್ಲಿಸಿ ಕಮಾನು ಕೆಳಗಿಳಿಸಿದರು. ಗಿಟಾರುಗಳು ಎರಡು ಬಡಿತ ಮುಂದೆ ಹೋಗಿ ನಿಂತವು.

"ಫಿಡೆನ್, ಒಂದು ಸ್ವರ ಇಳಿಸು," ಎಂದರು. ಮೈಕು ಅವರ ಬಾಯ ಮುಂದೆಯೇ ಇತ್ತು.

"ಯಾಕೆ ಭಾವ?"

"ನನ್ನ ಗಂಟಲು ಅಲ್ಲಿಗೆ ಹೋಗಲ್ಲ ಇನ್ನು. ಹೋದ ವರ್ಷ ನೆಗಡಿ ಇರ್ಲಿಲ್ಲ."

ಫಿಡೆನ್ಸಿಯೊ ಮಾಮ ಗಿಟಾರಿನ ಬಿರಡೆಗೆ ಕೈ ಹಾಕಿದ. "ನಂದೂ ಸೊಂಟ ಹೋಗಿದೆ ಭಾವ. ನಾನು ಮೈಕಲ್ಲಿ ಹೇಳಿದ್ನಾ?" ಎಂದ. ಜನ ನಕ್ಕರು. ಆ ನಗುವಿನಲ್ಲಿ ಕನಿಕರವೆಷ್ಟು, ಗೇಲಿ ಎಷ್ಟು ಎಂದು ನನಗೆ ಬಿಡಿಸಲಾಗಲಿಲ್ಲ.

ಅಪ್ಪನ ಬೆರಳು ಬಿರಡೆಯ ಮೇಲೆ ನಡುಗಿ ಜಾರಿತು. ಗುನ್ವೊರ್ ಮೆಟ್ಟಿಲು ಹತ್ತಿ ಹೋಗಿ, ಎಲ್ಲರ ಎದುರು ಪಿಟೀಲು ತೆಗೆದುಕೊಂಡು ನಾಲ್ಕೂ ತಂತಿ ಇಳಿಸಿದಳು. ಕೆಳಗೆ ಬರುವಾಗ ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲಿಲ್ಲ.

ಮತ್ತೆ ಅದೇ ಪದ್ಯ. ಈ ಸಲ ನಾನೂ ಕಾಲು ಜಾರಿಸಿದೆ. ದನಿ ಗಿಡ್ಡವಾಗಿ, ಮಂದವಾಗಿ ಏರಿತು, ಒಡೆಯದೆ ಇಳಿಯಿತು. ನಾನು ಅಧ್ಯಕ್ಷೆಯ ಮುಖವನ್ನೇ ನೋಡುತ್ತಿದ್ದೆ. ಅವರು ಚಪ್ಪಾಳೆ ತಟ್ಟಿದರು. ಎಲ್ಲರಿಗೂ ತಟ್ಟುವಷ್ಟೇ ತಟ್ಟಿದರೋ, ಒಂದೆರಡು ಹೆಚ್ಚೋ, ಎಣಿಸುತ್ತ ನಿಂತೆ.