ಮುಸುರೆಯ ಪಾಲು

ಅಕ್ಕಿಆಲೂರಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಖಾನಾವಳಿಯಲ್ಲಿ ದಾನವ್ವ ಹನ್ನೊಂದು ವರ್ಷ ತಾಟು ತಿಕ್ಕಿದ್ದಳು. ಪಗಾರ ಎಂಬುದಿರಲಿಲ್ಲ. ಉಂಡವರು ತಾಟಿನಲ್ಲಿ ಬಿಟ್ಟ ಅನ್ನ, ಸಾರು, ರೊಟ್ಟಿಯ ಚೂರು, ಒಟ್ಟು ಮುಸುರೆಯೆಲ್ಲ ಅವಳದು. ಹಾಗೆಂದು ಮಾಲೀಕ ಕರಬಸಪ್ಪನೇ ಮಾತು ಕೊಟ್ಟಿದ್ದ. ಆ ಮುಸುರೆ ಕುಡಿದು ಅವಳ ಎಮ್ಮೆ ಹೊತ್ತಿಗೆ ಎರಡು ಸೇರು ಹಾಲು ಕೊಡುತ್ತಿತ್ತು. ಗಂಡನಿಲ್ಲದ ಮನೆ ಆ ಹಾಲಿನ ಮೇಲೆ ನಡೆಯುತ್ತಿತ್ತು.

ಎಪ್ಪತ್ತೆಂಟರ ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬಂದ ಕರಬಸಪ್ಪನಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಮರುದಿನವೇ ಗೋಡೆಗೆ ಬೋರ್ಡು ಬಿತ್ತು: ‘ಅನ್ನ ಪ್ರಸಾದ. ಕೆಡಿಸಬೇಡಿರಿ. ತಾಟು ತೊಳೆದು ಕುಡಿಯಿರಿ.’ ಯಾರಾದರೂ ತುತ್ತು ಬಿಟ್ಟು ಎದ್ದರೆ ಅವರ ಮುಂದೆ ತಾನೇ ಕೈಮುಗಿದು ನಿಲ್ಲುತ್ತಿದ್ದ. ಇಂಥವನ ಎದುರು ಯಾರು ಬಿಟ್ಟಾರು? ತಿಂಗಳೊಳಗೆ ಊರೆಲ್ಲ ಅವನನ್ನು ಹೊಗಳಿತು. ಮಾತು ಒಳ್ಳೆಯದೇ, ಅಲ್ಲವೆನ್ನುವುದಿಲ್ಲ. ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಅನ್ನಲಿಲ್ಲ.

ದಾನವ್ವನ ಬಕೇಟಿನ ತಳ ಕಾಣತೊಡಗಿತು. ಬರೀ ಒಣಹುಲ್ಲು ತಿಂದ ಎಮ್ಮೆ ಅರ್ಧ ಸೇರಿಗೆ ಇಳಿಯಿತು. ಅವಳು ಅಂಜುತ್ತಲೇ ಹೋಗಿ ಕೇಳಿದಳು.

“ಸಾವ್ಕಾರ್ರ, ಮುಸುರಿ ಏನೂ ಉಳಿಯವಲ್ದು. ತಿಂಗಳಿಗಿಷ್ಟು ಅಂತ ಪಗಾರರ ಮಾಡ್ರಿ.”

“ತಾಟು ತೊಳದ ಬರ್ತಾವಲ್ಲ, ದಾನವ್ವ,” ಕರಬಸಪ್ಪ ನಕ್ಕ. “ನಿನಗ ಕೆಲಸರ ಎಲ್ಲೈತಿ? ಖರೆ ಹೇಳಬೇಕಂದ್ರ, ಪುಣ್ಯಾ ಬರ್ಲಿ ಅಂತ ನಿನ್ನ ಇಟ್ಕೊಂಡೇನಿ.”

ದಾನವ್ವ ದೀಪಾವಳಿಯ ಮುಂಚಿನ ಸಂತೆಯಲ್ಲಿ ಎಮ್ಮೆಯ ಹಗ್ಗವನ್ನು ಬೇರೆಯವರ ಕೈಗಿತ್ತು, ಹೊರಳಿ ನೋಡದೆ ಮನೆಗೆ ಬಂದಳು.

ಅದಾಗಿ ಹದಿನೈದು ದಿನಕ್ಕೆ ಹಾನಗಲ್ಲಿನಿಂದ ನಾಲ್ಕು ಜನ ಮಾಸ್ತರರು ಈ ಖಾನಾವಳಿಯ ಶಿಸ್ತು ನೋಡಲೆಂದೇ ಬಂದರು. ಕರಬಸಪ್ಪ ಉಬ್ಬಿಹೋದ. ಬೇರೆ ಕೆಲಸ ಸಿಗದೆ ಇನ್ನೂ ಹಿಂದಿನ ಬಚ್ಚಲಲ್ಲೇ ಕುಳಿತಿದ್ದ ದಾನವ್ವನನ್ನು ಕರೆದು ಅವರ ಪಂಕ್ತಿಯಲ್ಲೇ ಕೂಡಿಸಿ ಬಡಿಸಿದ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಅವಳು ತಲೆ ಎತ್ತದೆ ಉಂಡಳು, ಅಂಚಿಗೆ ಅಂಟಿದ ಅಗುಳನ್ನೂ ಹೆಕ್ಕಿದಳು, ತಾಟು ತೊಳೆದು ಕುಡಿದಳು.

“ನೋಡ್ರಿ ಸರ,” ಕರಬಸಪ್ಪ ಆ ತಾಟನ್ನು ಎತ್ತಿ ತೋರಿಸಿದ. “ತಾಟು ತಿಕ್ಕೂ ಹೆಣ್ಮಗಳು ಸೈತ ಒಂದ ಅಗಳ ಬಿಡೂದಿಲ್ಲ.”

“ಬಿಟ್ರ ತಿನ್ನಾಕ ಎಮ್ಮಿ ಎಲ್ಲೈತ್ರಿ,” ಎಂದಳು ದಾನವ್ವ.

ಮಾಸ್ತರರು ಅದನ್ನು ಚಾಷ್ಟಿ ಎಂದು ತಿಳಿದು ನಕ್ಕರು. ಕರಬಸಪ್ಪನೂ ನಕ್ಕ. ದಾನವ್ವ ಎಲ್ಲರ ತಾಟುಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು.