ಹೆರಮಣೆಯ ಮೇಲೆ ಆಡದ ಮಾತು

ನಾನು ಒಂದು ಹೆರಮಣೆ. ಘಟ್ಟದ ಮೇಲಿನವರು ತುರಿಯುವ ಮಣೆ ಅನ್ನುತ್ತಾರೆ. ಏನಾದರೂ ಅಂದುಕೊಳ್ಳಲಿ, ತೆಂಗಿನಕಾಯಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕೂರುವುದಕ್ಕೆ ಒಂದು ಮರದ ಮಣೆ, ಮಣೆಯ ಮುಂದೆ ಬಾಗಿದ ಕಬ್ಬಿಣ, ಕಬ್ಬಿಣದ ತಲೆಗೆ ಸುತ್ತಲೂ ಹಲ್ಲು, ಅಡಿಯಲ್ಲಿ ಗಿಡ್ಡ ಕಾಲುಗಳು. ಇಷ್ಟೇ ನನ್ನ ಆಸ್ತಿ. ಈಗ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆಂದು ಅಸಡ್ಡೆ ಮಾಡಬೇಡಿ. ನಿಮ್ಮಲ್ಲಿ ಎಷ್ಟೋ ಜನ ಹೆಸರೂ ಕೇಳದ ಬಂದರುಗಳನ್ನು ನಾನು ಕಂಡು ಬಂದವನು. ಕಂಡು ಬಂದು ಏನು ಸುಖವಾಯಿತು ಅಂತ ಮಾತ್ರ ಕೇಳಬೇಡಿ.

ಹುಟ್ಟಿದ್ದು ಮರವಂತೆಗೂ ಗಂಗೊಳ್ಳಿಗೂ ನಡುವೆ, ಕಡಲ ಕರೆಯ ಒಂದು ಮೊಗವೀರರ ಕೇರಿಯಲ್ಲಿ. ಯಾರದೋ ದೋಣಿಗೆಂದು ಹೆಬ್ಬಲಸಿನ ಮರ ಕೊಯ್ಯುತ್ತಿದ್ದರು. ದೋಣಿಗೆ ಸೇರದೆ ಮಿಕ್ಕ ತುಂಡು ನಾನು. ಅದನ್ನು ಕೇರಿಯ ಸಾಧು ಎಂಬವನ ತಾಯಿ ಕೇಳಿ ಇಸಿದುಕೊಂಡಳು. ಮರದ ಆಚಾರಿ ಮಣೆ ಕೆತ್ತಿದ, ಕಬ್ಬಿಣದ ಆಚಾರಿ ಲಾರಿಯ ಮುರಿದ ಸ್ಪ್ರಿಂಗಿನ ಪಾಟಾ ಕಾಯಿಸಿ ಬಡಿದು, ಅರ ಹಾಕಿ ಹಲ್ಲು ಎಬ್ಬಿಸಿದ. ಹಲ್ಲು ಬರುವಾಗ ಮಕ್ಕಳು ಅಳುತ್ತವಂತೆ. ನಾನೂ ಕಿರುಚಿದ್ದೆ, ಕೇರಿಯೆಲ್ಲ ಕೇಳಿಸಿತ್ತು.

ಸಾಧುವಿನ ತಾಯಿಯನ್ನು ಮನೆಯಲ್ಲಿ ಎಲ್ಲರೂ ಅಬ್ಬಿ ಅನ್ನುತ್ತಿದ್ದರು. ಗಟ್ಟಿ ಹೆಂಗಸು. ಅವಳು ಕೂತರೆ ಮಣೆ ಕಿರ್ರೆನ್ನುತ್ತಿತ್ತು. ಅವಳದ್ದೊಂದು ಕಟ್ಟಳೆ ಇತ್ತು. ನೂಲ ಹುಣ್ಣಿಮೆಗೆ ನಮ್ಮ ಕೇರಿಯವರು ಕಡಲಿಗೆ ಹಾಲೆರೆದು ಕಾಯಿ ಬಿಡುತ್ತಾರಲ್ಲ, ಹಾಗಾಗಿ ಕಾಯಿಯೆಂದರೆ ಕಡಲಿನ ಪಾಲು, ಅದರಲ್ಲಿ ಮಿಕ್ಕಿದ್ದು ನಮಗೆ ಎಂಬುದು ಅವಳ ಲೆಕ್ಕ. ಯಾರಾದರೂ ನನ್ನ ಮೇಲೆ ಕೂತು ಸಮುದ್ರವನ್ನು ಬೈದರೆ ಸೌಟು ಹಿಡಿದೇ ಬರುತ್ತಿದ್ದಳು.

"ಹೆರಮಣಿ ಮೇಲ್ ಕೂಕಂಡ್ ಕಡ್ಲಿನ್ ಸುದ್ದಿ ಕೆಟ್ಟದ್ದ್ ಆಡೂಕಾಗ ಮಗಾ. ಅದಕ್ಕ್ ಕೇಂತ್" ಅನ್ನುತ್ತಿದ್ದಳು. ಆಡಿದ್ದು ಕಡಲಿಗೆ ಕೇಳಿಸುತ್ತದಂತೆ.

ಅಬ್ಬಿ ಹೋದ ಮೇಲೆ ನಾನು ಸಾಧುವಿನ ಪಾಲಿಗೆ ಬಂದೆ. ಅವನಿಗೆ ಮುಂಬಯಿಯ ಒಬ್ಬ ಏಜೆಂಟನ ಮೂಲಕ ಸರಕು ಹಡಗಿನಲ್ಲಿ ಅಡುಗೆಯವನ ಕೆಲಸ ಸಿಕ್ಕಿತ್ತು. ಟ್ರಂಕಿನಲ್ಲಿ ಬಟ್ಟೆಗಿಂತ ಮೊದಲು ನನ್ನನ್ನು ಲುಂಗಿಯಲ್ಲಿ ಸುತ್ತಿ ಇಟ್ಟ. ಅವನ ಹೆಂಡತಿ, ಬಾಗಿ ಅಂತ ಅವಳ ಹೆಸರು, ಬಾಗಿಲಲ್ಲಿ ನಿಂತು ನಗುತ್ತಾ ಕಣ್ಣೊರೆಸಿಕೊಂಡಳು.

"ಹೆಂಡ್ತಿನ್ ಬಿಟ್ಟ್ ಹ್ವಾತ್ರಿ, ಹೆರಮಣಿ ಬಿಡೂಕಾತಿಲ್ಯಲ್ಲ ನಿಮ್ಗೆ!"

ಹೀಗೆ ನಾನು ಲೋಕ ಸುತ್ತಲು ಹೊರಟೆ. ಕೆಳಗಿನಿಂದ ನೋಡುವವನಿಗೆ ಲೋಕ ಹೇಗೆ ಕಾಣುತ್ತದೆ, ಕೇಳಿ. ಹಡಗಿನ ಅಡುಗೆಮನೆಗೆ ಇರುವುದು ಒಂದು ದುಂಡಗಿನ ಕಿಟಕಿ. ಅದರಲ್ಲಿ ಅರ್ಧ ಆಕಾಶ, ಅರ್ಧ ನೀರು. ಹೊಯ್ದಾಟ ಜೋರಾದಾಗ ಸಾಧು ನನ್ನನ್ನು ಹಗ್ಗದಿಂದ ಮೇಜಿನ ಕಾಲಿಗೆ ಕಟ್ಟಿ, ಮೇಲೆ ಕೂತು, ಎರಡೂ ಹಿಮ್ಮಡಿ ಊರಿ ಕಾಯಿ ಹೆರೆಯುತ್ತಿದ್ದ. ಹಡಗಿನ ಕಬ್ಬಿಣದ ನೆಲಕ್ಕೆ ಉಜ್ಜಿ ಉಜ್ಜಿ ನನ್ನ ಒಂದು ಕಾಲು ಸವೆದದ್ದು ಆಗಲೇ. ಅಂದಿನಿಂದ ಸಪಾಟು ನೆಲದ ಮೇಲಿಟ್ಟರೂ ನಾನು ಓಲಾಡುತ್ತೇನೆ.

ಒಂದು ಬಂದರಿನಲ್ಲಿ ತಪಾಸಣೆಯವನು ನನ್ನ ಹಲ್ಲು ಮುಟ್ಟಿ ಇದು ಯಾವ ಆಯುಧ ಅಂತ ಕೈಸನ್ನೆಯಲ್ಲಿ ಕೇಳಿದ. ಸಾಧುವಿಗೆ ಅವನ ಭಾಷೆ ಬರದು. ಅಲ್ಲೇ ನೆಲದ ಮೇಲೆ ನನ್ನನ್ನಿಟ್ಟು, ಕೂತು, ಬರಿಗೈಯಲ್ಲೇ ಕಾಯಿ ಹೆರೆಯುವ ಹಾಗೆ ಮಾಡಿ ತೋರಿಸಿದ. ಸಾಲಿನಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಇನ್ನೊಂದು ಸಲ ಸುಯೆಜ್ ಕಾಲುವೆಯಲ್ಲಿ ಹೋಗುವಾಗ ಆ ದುಂಡು ಕಿಟಕಿಯಲ್ಲಿ ನೀರೇ ಇಲ್ಲ, ಬರೀ ಮರಳು ಮತ್ತು ಒಂಟೆಯ ಮುಖ. ಬ್ರೆಜಿಲಿನ ಸಾಂತೋಸ್‌ನಲ್ಲಿ ಕಾಫಿ ಚೀಲ ಏರಿಸುವಾಗ ಅಡುಗೆಮನೆಯೆಲ್ಲ ಹಸಿ ಕಾಫಿ ಬೀಜದ ವಾಸನೆ ತುಂಬಿ, ಆ ದಿನದ ಬಂಗುಡೆ ಸಾರಿಗೂ ಹತ್ತಿಕೊಂಡಿತ್ತು. ಉತ್ತರದ ಒಂದು ದೇಶದಲ್ಲಿ ಬೇಸಿಗೆ, ಸೂರ್ಯ ಮುಳುಗಲೇ ಇಲ್ಲ. ಯಾವಾಗ ಅಕ್ಕಿ ಹಾಕುವುದು, ಯಾವಾಗ ಮಲಗುವುದು ತಿಳಿಯದೆ ಸಾಧು ತಲೆ ಕೆರೆದುಕೊಂಡಿದ್ದ. ಒಳ್ಳೆಯದೂ ಇತ್ತು, ಸುಳ್ಳು ಹೇಳುವುದಿಲ್ಲ.

ಆ ಹಡಗಿನಲ್ಲಿ ರತ್ನಾಗಿರಿ ಕಡೆಯ ಸಖಾರಾಂ ಎಂಬ ಖಲಾಸಿ ಇದ್ದ. ಡೆಕ್ಕಿನ ಕೆಲಸ ಮುಗಿಸಿ ಬಂದು, ನನ್ನ ಹಲ್ಲಿನ ಕೆಳಗೆ ಕೈಯೊಡ್ಡಿ ಹಸಿ ಕಾಯಿತುರಿ ಬಾಯಿಗೆ ಹಾಕಿಕೊಳ್ಳುವುದು ಅವನ ಚಾಳಿ. ಹೆರಮಣೆಯಿಂದಲೇ ತಿಂದರೆ ಮದುವೆ ದಿನ ಮಳೆ ಬರುತ್ತದೆ ಅಂತ ಸಾಧು ಗದರುವನು. ಮಳೆ ಬರಲಿ, ಹೆಣ್ಣೊಂದು ಸಿಗಲಿ ಅಂತ ಅವನು ಹಲ್ಲು ಕಿರಿಯುವನು. ಚಳಿಗಾಲದ ಒಂದು ಮಧ್ಯಾಹ್ನ, ಸ್ಪೇನಿನ ಮೇಲ್ಗಡೆಯ ಕಡಲಿನಲ್ಲಿ, ಬಿಚ್ಚಿದ ಹಗ್ಗ ಕಟ್ಟಲು ಅವನು ಮೇಲೆ ಹೋದ. ಬಾಯಲ್ಲಿನ್ನೂ ಕಾಯಿತುರಿ ಇತ್ತು. ಒಂದು ತೆರೆ ಡೆಕ್ಕಿನ ಮೇಲೆ ಹಾದು ಹೋಯಿತು. ಹಾದು ಹೋದ ಮೇಲೆ ಹಗ್ಗ ಅಲ್ಲೇ ಇತ್ತು, ಸಖಾರಾಂ ಇರಲಿಲ್ಲ.

ಹಡಗು ತಿರುಗಿ ತಿರುಗಿ ಹುಡುಕಿತು. ಸಾಧು ಅರ್ಧ ಹೆರೆದ ಕಾಯಿ ಕೈಯಲ್ಲಿ ಹಿಡಿದು ನನ್ನ ಮೇಲೆ ಕೂತೇ ಇದ್ದ. ಅವನ ಭಾರ ನನಗೆ ಗೊತ್ತಿದ್ದ ಭಾರವೇ ಆಗಿರಲಿಲ್ಲ. ಬೆಳಕು ಹೋಗುವ ಹೊತ್ತಿಗೆ ಕಪ್ತಾನ ಮುಂದೆ ಸಾಗಲು ಹೇಳಿದ. ಸಾಧು ಎದ್ದು ಆ ಅರ್ಧ ಕಾಯಿಯನ್ನು ನೀರಿಗೆ ಬಿಟ್ಟು ಬಂದ. ಅಂದಿನಿಂದ ಆ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಲಿಲ್ಲ.

ರಜೆಯಲ್ಲಿ ಊರಿಗೆ ಬಂದರೆ ಮನೆಯಲ್ಲಿ ಹಬ್ಬ. ಹಿಂದಿನ ಜಗಲಿಯಲ್ಲಿ ಸಾಧು ನನ್ನ ಮೇಲೆ ಕೂರುವುದು, ಎದುರಿಗೆ ಅವನ ಮಗಳು ಜಲಜ ಮತ್ತು ಅಕ್ಕನ ಮಗ ಕರುಣ. ಕರುಣಾಕರ ಅಂತ ಹೆಸರು, ಕರೆಯುವುದು ಕರುಣ. ಒಂದೊಂದು ಕಡಿ ಕಾಯಿಗೆ ಒಂದೊಂದು ದೇಶ. ಒಂಟೆಯ ಮುಖ ಬಂತು, ಮುಳುಗದ ಸೂರ್ಯ ಬಂದ, ಕಾಫಿ ವಾಸನೆಯ ಬಂಗುಡೆ ಸಾರೂ ಬಂತು. ದುಂಡು ಕಿಟಕಿಯಲ್ಲಿ ಅಂಗೈಯಷ್ಟು ಕಂಡದ್ದನ್ನು ಸಾಧು ಅಂಗಳದಷ್ಟು ಮಾಡಿ ಹೇಳುತ್ತಿದ್ದ. ಹೇಳುವ ಸೊಗಸು ಅವನಿಗೆ ಒಲಿದಿತ್ತು, ಮಾರಾಯರೇ! ಕರುಣ ಬಾಯಿ ಬಿಟ್ಟುಕೊಂಡು ಕೇಳುವನು, ಕದ್ದು ತುರಿ ತಿನ್ನುವನು, ಸಾಧು ಉಸಿರೆಳೆದುಕೊಂಡ ಕೂಡಲೇ "ಕಡಿಗೆ?" ಅನ್ನುವನು. ಆಮೇಲೆ ಏನಾಯಿತು ಅಂತ ಅದರ ಅರ್ಥ. ಅಷ್ಟೆಲ್ಲ ಕತೆಗಳಲ್ಲಿ ಸಖಾರಾಂ ಒಂದು ದಿನವೂ ಬರಲಿಲ್ಲ. ಹೆರಮಣೆಯ ಮೇಲೆ ಕೂತು ಕಡಲಿನ ಕೆಟ್ಟ ಸುದ್ದಿ ಹೇಗೆ ಆಡುವುದು? ಅಬ್ಬಿ ಸತ್ತರೂ ಅವಳ ಸೌಟು ಸತ್ತಿರಲಿಲ್ಲ.

ಸಾಧುವಿನ ಮೊಣಕಾಲು ಸೋತು ಅವನು ಹಡಗು ಬಿಟ್ಟ. ಅದೇ ವರ್ಷ ಕರುಣನಿಗೂ ಜಲಜಳಿಗೂ ಮದುವೆ. ಮಾವನ ಮಗಳು, ಸೋದರತ್ತೆಯ ಮಗ, ಕೇಳುವುದೇನಿತ್ತು! ಮೇ ತಿಂಗಳ ಉರಿ ಬಿಸಿಲಿನಲ್ಲಿ ಇದ್ದಕ್ಕಿದ್ದಂತೆ ಮಳೆ ಹೊಯ್ದು ಚಪ್ಪರ ಸೋರಿತು. ಕದ್ದು ತಿಂದ ಕಾಯಿತುರಿಯ ಲೆಕ್ಕ ಚುಕ್ತಾ ಆಯಿತೆಂದು ಎಲ್ಲರೂ ಕರುಣನನ್ನು ಗೋಳು ಹೊಯ್ದುಕೊಂಡರು. ಆ ದಿನ ನನ್ನ ಹಲ್ಲಿಗೆ ಪುರುಸೊತ್ತಿರಲಿಲ್ಲ. ಅದೇ ನಾನು ಕಂಡ ಕೊನೆಯ ಸಂತೋಷ.

ಕರುಣ ಗಂಗೊಳ್ಳಿಯಲ್ಲಿ ಮೀನಿನ ದೋಣಿಗೆ ಹೋಗುತ್ತಿದ್ದ. ಸಂಜೆ ಮನೆಗೆ ಬರುವ ಕೆಲಸ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅವನಿಗೂ ದೊಡ್ಡ ಹಡಗಿನ ಹುಚ್ಚು ಹತ್ತಿತು. ಬಾಗಿಗೆ ಸುತರಾಂ ಇಷ್ಟವಿಲ್ಲ. ಬಸುರಿಯಾಗಿದ್ದ ಜಲಜ ಮಾತ್ರ ಅಪ್ಪ ಏನು ಹೇಳುತ್ತಾನೋ ಹಾಗೆ ಅಂದುಬಿಟ್ಟಳು. ಒಂದು ಬೆಳಿಗ್ಗೆ ಸಾಧು ದೋಸೆಯ ಚಟ್ನಿಗೆ ಕಾಯಿ ಹೆರೆಯುತ್ತಿದ್ದಾಗ ಕರುಣ ಎದುರು ಬಂದು ಕುಕ್ಕರಗಾಲಲ್ಲಿ ಕೂತ. ಹಿಂದೆ ಜಲಜ ಬಾಗಿಲಿಗೊರಗಿ ನಿಂತಿದ್ದಳು.

"ಮಾವ, ಒಂದ್ ಸಮ ಹೇಳಿ. ನಿಮ್ ಜೊತಿಗಿದ್ದವ್ರ್ ಯಾರಾದ್ರೂ ಕಡ್ಲಿಗ್ ಬಿದ್ದ್ ಹ್ವಾದದ್ದ್ ಇತ್ತಾ?"

ಸಾಧುವಿನ ಕೈ ನಿಂತಿತು. ಅವನ ಭಾರ ಒಮ್ಮೆ ಎಡಕ್ಕೆ ವಾಲಿತು, ಏಳುವವನ ಹಾಗೆ. ಏಳು ಮಾರಾಯ, ಏಳು, ಎದ್ದು ಆ ಅಂಗಳಕ್ಕೆ ಇಳಿದು ಹೇಳು ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಮಣೆ ಬಿಟ್ಟು ಎದ್ದರೆ ಕಟ್ಟಳೆ ಮುರಿಯುವುದಿಲ್ಲವಲ್ಲ! ಆದರೆ ಅಳಿಯನ ಮುಖದಲ್ಲಿದ್ದ ಆ ಹಳೆಯ ಆಸೆಯನ್ನು ಕಂಡು ಅವನು ಮತ್ತೆ ಸರಿಯಾಗಿ ಕೂತ.

"ಹಡ್ಗ್ ಅಂದ್ರೆ ಕಬ್ಣದ್ ಊರ್ ಕಾಣ್. ಎಂತದೂ ಆತಿಲ್ಲ, ಹೋಯ್ ಬಾ" ಅಂದ.

ಕರುಣ ಹೋದ. ಹಡಗಿನಿಂದ ಆಗಾಗ ಫೋನು ಬರುತ್ತಿತ್ತು. ಮಾವ ಹೇಳಿದ ಒಂಟೆ ಕಾಣಲೇ ಇಲ್ಲ ಅಂತ ನಗುತ್ತಿದ್ದನಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಏಜೆಂಟನ ಫೋನು ಬಂತು. ಜಪಾನಿನ ಹತ್ತಿರ ಬಿರುಗಾಳಿ, ಡೆಕ್ಕಿನ ಮೇಲಿದ್ದವನನ್ನು ನೀರು ಎಳೆದುಕೊಂಡಿದೆ, ಹುಡುಕಿದರೂ ಸಿಗಲಿಲ್ಲ. ಬಾಗಿಯ ಕೂಗು ರಸ್ತೆಗೆ ಕೇಳಿಸಿತು. ಜಲಜ ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಾ ಕೂತಳು.

ದೇಹವಿಲ್ಲದ ಮನೆಯಲ್ಲಿ ಕ್ರಿಯೆ ಮಾಡುವುದು ಎಷ್ಟು ಕಷ್ಟ! ದರ್ಭೆಯಲ್ಲಿ ಬೊಂಬೆ ಕಟ್ಟಿ ಸುಟ್ಟರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನದ, ಅಡುಗೆಗೆ ಕಾಯಿ ಬೇಕಲ್ಲ. ಸಾಧು ಯಾರಿಗೂ ಬಿಡದೆ ತಾನೇ ಹೆರೆಯಲು ಕೂತ. ಜಲಜ ಬಂದು ಅವನ ಕೈಯಿಂದ ಕಾಯಿಯ ಕಡಿ ಕಿತ್ತುಕೊಂಡಳು.

"ಅಪ್ಪಯ್ಯ, ನೀವ್ ಇದ್ದ ಹಡಗಂಗೆ ಯಾರೂ ಬಿದ್ದಿರ್ಲಿಲ್ಯಾ?"

"ಬಿದ್ದಿದ್ದ. ಒಬ್ಬ" ಅಂದ ಸಾಧು.

"ಅವ್ರ್ ಕೇಂಡಾಗ ಎಂತಕ್ಕ್ ಹೇಳ್ಲಿಲ್ಲ?"

ಸಾಧು ನನ್ನ ಹಲ್ಲಿಗೆ ಅಂಟಿದ್ದ ತುರಿಯನ್ನು ಬೆರಳಿನಿಂದ ಒರೆಸಿದ. ಆಮೇಲೆ ಚಿಕ್ಕ ಮಕ್ಕಳ ದನಿಯಲ್ಲಿ, "ಹೆರಮಣಿ ಮೇಲ್ ಕೂಕಂಡಿದ್ದೆ ಮಗಾ" ಅಂದ.

ಜಲಜ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಏನೋ. ಕಾಯಿಯನ್ನು ಅಲ್ಲೇ ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ಅಪ್ಪನೊಡನೆ ಊಟಕ್ಕೆ ಬನ್ನಿ, ಔಷಧ ತಗೊಳ್ಳಿ, ಇಷ್ಟೇ ಮಾತು. ಆ ಮನೆಗೆ ಮಿಕ್ಸಿ ಬಂತು, ಕಾಯಿಯನ್ನು ಚೂರು ಮಾಡಿ ಅದಕ್ಕೇ ಹಾಕಿದರು. ನನ್ನನ್ನು ಸೌದೆ ಕೊಟ್ಟಿಗೆಗೆ ಎಸೆದವಳು ಬಾಗಿ. ತಪ್ಪು ನನ್ನದಲ್ಲ ಅಂತ ನಾನು ಯಾರಿಗೆ ಹೇಳಲಿ? ನನ್ನ ಮೇಲೆ ಕೂತದ್ದಕ್ಕೇ ಒಬ್ಬ ಮನುಷ್ಯನ ಬಾಯಿ ಕಟ್ಟಿತು ಅಂದ ಮೇಲೆ ತಪ್ಪು ನನ್ನದಲ್ಲ ಅನ್ನಲು ನನಗೂ ಧೈರ್ಯವಿಲ್ಲ.

ಕರುಣನ ಮಗಳು ದೀಕ್ಷಾ, ಅಪ್ಪನನ್ನು ಗೋಡೆಯ ಫೋಟೋದಲ್ಲಿ ಮಾತ್ರ ಕಂಡವಳು, ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಚೆಂಡು ಹುಡುಕುತ್ತಾ ಕೊಟ್ಟಿಗೆಗೆ ಬಂದವಳಿಗೆ ನಾನು ಸಿಕ್ಕಿದೆ. ದರದರ ಎಳೆದುಕೊಂಡು ಹಿಂದಿನ ಜಗಲಿಗೆ ತಂದು, ಇದು ಎಂತದು ಅಂತ ಅಜ್ಜನನ್ನು ಕೇಳಿದಳು. ಜಲಜ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ಸದ್ದು ನಿಂತಿತು, ಆದರೆ ಅವಳು ತಿರುಗಿ ನೋಡಲಿಲ್ಲ.

ಸಾಧು ಗೋಡೆ ಹಿಡಿದು ಬಗ್ಗಿ ನನ್ನ ಮೇಲೆ ಕೂತ. ಅಯ್ಯೋ, ಏನಾಗಿ ಹೋಗಿದ್ದಾನೆ! ಒಣಗಿದ ತೆಂಗಿನ ಮಡಲಿನಷ್ಟೂ ಭಾರವಿಲ್ಲ. ಅವನ ಕೈಯಲ್ಲಿ ಕಾಯಿ ಇರಲಿಲ್ಲ. ಬರಿಗೈಯನ್ನು ನನ್ನ ಹಲ್ಲಿನ ಮೇಲಿಟ್ಟು ಹೇಳಲು ಸುರುಮಾಡಿದ. ಒಂಟೆಯನ್ನು ಹೇಳಲಿಲ್ಲ, ಮುಳುಗದ ಸೂರ್ಯನನ್ನು ಹೇಳಲಿಲ್ಲ. ಸಖಾರಾಂನನ್ನು ಹೇಳಿದ. ಬಿಚ್ಚಿದ ಹಗ್ಗ, ಕಪ್ಪು ನೀರು, ತೆರೆ ಏರಿ ಬಂದದ್ದು, ಡೆಕ್ಕು ಬರಿದಾದದ್ದು. ಅದೇ ಉಸಿರಿನಲ್ಲಿ ಅವಳ ಅಪ್ಪನನ್ನೂ ಹೇಳಿದ. ಹೆರಮಣೆಯ ಮೇಲೆ ಕೂತೇ ಕಡಲನ್ನು ಬೈದ, ಕೊಲೆಗಡುಕ ಅಂದ. ಮಗು ಹೆದರಲಿ, ಹೆದರಿ ಆ ನೀರಿನಿಂದ ದೂರ ಬದುಕಲಿ ಅಂತ ಅವನು ತನ್ನ ಜೀವಮಾನದ ಮಾತಿನ ಸೊಗಸನ್ನೆಲ್ಲ ಅದೊಂದು ಕತೆಗೆ ಸುರಿದ. ಅದೇ ತಪ್ಪಾಯಿತು. ಅಂಥ ತೆರೆಯನ್ನು ನಾನು ಕೂಡ ಅವನ ಬಾಯಲ್ಲಿ ಹಿಂದೆ ಕೇಳಿರಲಿಲ್ಲ.

ಮಾತು ಮುಗಿಯಿತು. ಸಾಧು ಉಸಿರೆಳೆದುಕೊಂಡ. ದೀಕ್ಷಾ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಕಡಿಗೆ?" ಅಂದಳು.

ಬಾವಿಕಟ್ಟೆಯಲ್ಲಿ ಜಲಜಳ ಕೈಯಿಂದ ಕೊಡ ಬಿತ್ತು.

"ತೆರಿ ಎಷ್ಟ್ ಎತ್ರ ಇತ್ತ್ ಅಜ್ಜಯ್ಯ? ನಮ್ಮನಿ ತೆಂಗಿನ್ ಮರದಷ್ಟಾ? ನಂಗೂ ಕಾಣ್ಕ್!"

ಆ ತೆರೆಯನ್ನು ಅವಳಿಗೂ ನೋಡಬೇಕಂತೆ! ಸಾಧು ಗೋಡೆ ಹಿಡಿದು ಎದ್ದು, ಯಾರ ಕಡೆಗೂ ನೋಡದೆ ಒಳಗೆ ಹೋಗಿ ಮಲಗಿದ. ಜಗಲಿಯಲ್ಲಿ ನಾನೂ ಮಗುವೂ ಉಳಿದೆವು. ಅವಳು ನನ್ನನ್ನು ಪಡುವಣಕ್ಕೆ, ಕಡಲಿನ ಕಡೆಗೆ ತಿರುಗಿಸಿದಳು. ಆಚೀಚೆ ಕಾಲು ಹಾಕಿ ಕೂತು, ನನ್ನ ಕಬ್ಬಿಣದ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ಹ್ವಾಯ್, ದಾರಿ ಬಿಡಿ, ಹಡ್ಗ್ ಹೊರಟಿತ್" ಅಂತ ಕೂಗಿದಳು.

ಎಷ್ಟು ಹಗುರ ಆ ಮಗು! ಅಲುಗಬಾರದು, ಇದೊಂದು ಸಲವಾದರೂ ಅಲುಗಬಾರದು ಅಂತ ನಾನು ನೆಲವನ್ನು ಬಿಗಿಯಾಗಿ ಕಚ್ಚಿಕೊಳ್ಳಲು ನೋಡಿದೆ. ಏನು ಮಾಡಲಿ, ನನ್ನ ಒಂದು ಕಾಲು ಸವೆದಿತ್ತು. ಅವಳು ಮುಂದೆ ಬಾಗಿದಾಗ ಮುಂದೆ, ಹಿಂದೆ ಬಾಗಿದಾಗ ಹಿಂದೆ, ನಾನು ಓಲಾಡುತ್ತಲೇ ಇದ್ದೆ.