ಮೂರನೇ ಮಹಡಿಯ ರುದ್ರವ್ವ

1999ರ ಮಾತು. ಪುಣೆಯ ಕಾತ್ರಜದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಹೊಳಬಸಪ್ಪ, ರುದ್ರವ್ವ ಎಂಬ ದಂಪತಿ ಇದ್ದರು. ಹೊಳಬಸಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು ಕೊಂಡ ಮನೆ. ಲಿಫ್ಟ್ ಇರಲಿಲ್ಲ. ಕೊಂಡಾಗ ಅದರ ಚಿಂತೆಯೂ ಇರಲಿಲ್ಲ.

ಆ ವರ್ಷ ರುದ್ರವ್ವನಿಗೆ ಅರವತ್ತೆಂಟು. ಮೊಣಕಾಲು ನೋವಿನಿಂದ ಎಂಟು ತಿಂಗಳಿಂದ ಕೆಳಗಿಳಿದಿರಲಿಲ್ಲ.

ನೆಲಮಹಡಿಯಲ್ಲಿದ್ದ ಇಂದೂ ಎಂಬಾಕೆ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದು ದಿನ ಮೇಲೆ ಬಂದವಳು ಬಚ್ಚಲು ನೋಡಿ ಹೇಳಿದಳು, "ಕಾಕಾ, ನೆಲ ಭಾಳ ಜಾರತದ. ಗ್ವಾಡಿಗೆ ಒಂದು ಹಿಡಿಕೆ ಹಾಕಸ್ರಿ. ನಮ್ಮ ಬಾಜೂ ಮನಿಯವರು ಮ್ಯಾಲೆ ಬರಾಕ ತಯಾರ ಅದಾರ. ಮನಿ ಅದಲಾಬದಲಿ ಮಾಡ್ಕೊಂಡ್ರ ಕಾಕೂ ಅಂಗಳದಾಗರ ಅಡ್ಡಾಡತಾರ."

ಹೊಳಬಸಪ್ಪ ನಕ್ಕರು. "ಹಿಡಿಕೆ ದವಾಖಾನಿಗೆ ಬೇಕವಾ, ಮನಿಗ್ಯಾಕ? ಕೆಳಗ ಬರೇ ಧೂಳು, ಸೊಳ್ಳಿ. ಮುಂದ ನೋಡೂಣು."

ರುದ್ರವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಶ್ರಾವಣದ ಒಂದು ಬೆಳಿಗ್ಗೆ ಅವರು ಬಚ್ಚಲಲ್ಲಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಇಕ್ಕಟ್ಟಾದ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ನಾಲ್ವರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಗೇಟಿನ ಬಳಿ ರುದ್ರವ್ವ ಕಣ್ಣು ತೆರೆದು ಕೇಳಿದರು, "ಇಲ್ಲಿದ್ದ ಬೇವಿನ ಗಿಡ ಎಲ್ರೀ?"

ಮನೆಯ ಕಿಟಕಿಯಿಂದ ಕಾಣದ ಆ ಗಿಡವನ್ನು ಬೇಸಿಗೆಯಲ್ಲೇ ಕಡಿದಿದ್ದರು. ಹೊಳಬಸಪ್ಪ ದಿನಾ ಅಲ್ಲೇ ಓಡಾಡುತ್ತಿದ್ದರು. ಹೆಂಡತಿಗೆ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಹದಿನೇಳನೆಯ ದಿನ ಆಸ್ಪತ್ರೆಯಲ್ಲೇ ರುದ್ರವ್ವ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಹೊಳಬಸಪ್ಪ ಎರಡನೇ ಮಹಡಿಯ ಧರ್ಮಣ್ಣನ ಬಾಗಿಲು ತಟ್ಟಿದರು. ಅವನ ತಾಯಿ ಅಂಬಾಬಾಯಿಗೆ ಎಪ್ಪತ್ತು ದಾಟಿತ್ತು.

"ತಮ್ಮಾ, ಬಚ್ಚಲಕ್ಕ ಹಿಡಿಕೆ ಹಾಕ್ಸು. ಕೆಳಗಿನ ಮನಿ ಅದಲಾಬದಲಿಗೆ ಇನ್ನೂ ಸಿಗತದ. ಅವ್ವನ್ನ ಕರ್ಕೊಂಡು ಅಲ್ಲಿಗೆ ಹೋಗು."

"ಅಂಥಾ ಅವಸರ ಏನದ ಕಾಕಾ? ಅವ್ವ ಆರಾಮ ಅದಾಳ."

"ನಿಮ್ಮ ಕಾಕೂನ ಕುರ್ಚಿ ಹೊತ್ತವ್ರೊಳಗ ನೀನೂ ಇದ್ದೆಲ್ಲಪಾ," ಎಂದರು ಹೊಳಬಸಪ್ಪ.

ಧರ್ಮಣ್ಣ ತಲೆ ತಗ್ಗಿಸಿದ. ದೀಪಾವಳಿಗೆ ಮುಂಚೆಯೇ ಅವನ ಮನೆಯ ಸಾಮಾನು ಕೆಳಗಿನ ಮನೆಗೆ ಹೋಯಿತು, ಬಚ್ಚಲಿಗೆ ಹಿಡಿಕೆಯೂ ಬಂತು. ಅಂದಿನಿಂದ ಅಂಬಾಬಾಯಿ ಅಂಗಳಕ್ಕೆ ಬರುವ ತಳ್ಳುಗಾಡಿಯ ಬಳಿ ನಿಂತು ತಾವೇ ಸೊಪ್ಪು ಆರಿಸುತ್ತಿದ್ದರು. ಹೊಳಬಸಪ್ಪ ಮೇಲಿನ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗುತ್ತಿದ್ದರು.

ಓದುವವರೇ, ನಿಮ್ಮ ಮನೆಯ ಹಿರಿಯರು ಕೆಳಗಿಳಿದು ಎಷ್ಟು ದಿನವಾಯಿತು? ಎಲ್ಲಿ ಅವರ ಕಾಲು ಜಾರುತ್ತದೆ? ತಾವಾಗಿ ಹೇಳಲು ಅವರು ಹಿಂಜರಿಯುತ್ತಾರೆ, ನೀವೇ ಕೇಳಿ. ಬಚ್ಚಲಿಗೆ ಒಂದು ಹಿಡಿಕೆ, ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿ. ಸಾಧ್ಯವಿದ್ದರೆ ನೆಲಮಹಡಿಯ ಮನೆ ನೋಡಿ. ಅವರು ಬೀಳುವ ಮೊದಲೇ ಮಾಡಿ.